ಗೀಟು ಬೀಳದ ಹೆಸರು

ಪ್ರಿಯಂವದಾಳ ಕನ್ನಡ ಅಕ್ಷರ ಕೂಡಿಸಿ ಓದುವಷ್ಟೇ. ಡೊಂಬಿವಲಿಯಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳಿಂದ ಇನ್ನೇನು ನಿರೀಕ್ಷಿಸಲಾದೀತು? ಆದರೂ ತನ್ನ ಹೆಸರು ಅವಳಿಗೆ ಗುರುತು ಸಿಗುತ್ತದೆ. ಕಲ್ಯಾಣದ ಪ್ರೆಸ್ಸಿನಿಂದ ಬಂದ ಐನೂರು ಮದುವೆ ಕಾಗದಗಳ ಪೆಟ್ಟಿಗೆ ಒಡೆದು, ಮೊದಲನೆಯದನ್ನು ಎತ್ತಿ, ಬೆರಳಿಟ್ಟು ಓದಿದಳು.

ಚಿ. ವಿಶ್ರುತ. ಸರಿ.

ಚಿ. ಸೌ. ಮಾ — ನ — ಸಿ.

ಎರಡನೆಯದನ್ನು ತೆಗೆದಳು. ಹತ್ತನೆಯದು. ತಳದ್ದು. ಎಲ್ಲದರಲ್ಲೂ ಮಾನಸಿ. ಕೆಳಗಿನ ಸಾಲಿನಲ್ಲಿ ಮಾತ್ರ ‘ವಾರಿಜಾ ಮತ್ತು ದಿ. ತಾರಾನಾಥ ಇವರ ಪುತ್ರಿ’ ಎಂದು ತನ್ನ ಅಪ್ಪ ಅಮ್ಮನ ಹೆಸರೇ ಇತ್ತು.

ಮಾನಸಿ ಯಾರು? ವಿಶ್ರುತನ ಸೋದರಮಾವನ ಮಗಳು. ತಾಯಿಯಿಲ್ಲದ ಹುಡುಗಿ, ಠಾಣೆಯ ನೌಪಾಡಾದಲ್ಲಿ ಅವನ ಮನೆಯಲ್ಲೇ ಬೆಳೆದವಳು. “ಲೆಕ್ಕಕ್ಕೆ ಹುಡುಗ ಇವಳಿಗೇ ಆಗಬೇಕಿತ್ತು” ಎಂದು ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ ಯಾರೋ ಅಂದದ್ದು ಪ್ರಿಯಂವದಾಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಶುರುವಾದ ಹೊಟ್ಟೆಯುರಿ ಇಳಿದೇ ಇಲ್ಲ. ಕಾಗದದ ಬಣ್ಣ ಯಾವುದು ಎಂದು ವಿಶ್ರುತನನ್ನು ಕೇಳಿದರೆ, “ಮಾನಸಿಗೆ ಕೇಳುವ.” ಗಣಪತಿ ಮೇಲೆ ಬೇಕಾ, ಮೂಲೆಯಲ್ಲಾ? “ಮಾನಸಿಗೆ ಗೊತ್ತುಂಟು.” ಅಲ್ಲ ಮಾರಾಯ್ರೇ, ಮದುವೆ ಯಾರದ್ದು?

ಫೋನಿನಲ್ಲಿ ವಿಶ್ರುತನಿಗೆ ಅವಳು ಹೇಳಿದ್ದು ಎರಡೇ ಮಾತು. “ಇದು ಅವಳದ್ದೇ ಕೆಲಸ. ಅವಳು ನಿಮ್ಮ ಮನೆ ಬಿಡಬೇಕು, ಇಲ್ಲದಿದ್ದರೆ ಈ ಮದುವೆ ಬೇಡ.”

“ಅರೇ, ಅವಳು ಎಲ್ಲಿಗೆ ಹೋಗ್ಬೇಕು ಪ್ರಿಯಾ? ಪೆಹಲೇ ಪತಾ ತೋ ಕರೋ.”

ಪತ್ತೆ ತಾನೇ? ಮಾಡಿಯೇ ಬಿಡುತ್ತೇನೆ ಎಂದು ಅವಳು ಕೆಳಗಿನ ಮನೆಯ ಮುರಾರಿ ಮಾಮನ ಬಾಗಿಲು ಬಡಿದಳು. ಮಾಮ ಕನ್ನಡ ಪತ್ರಿಕೆಯೊಂದರಲ್ಲಿ ಮೂವತ್ತೆಂಟು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು. ಬೇರೆಯವರ ತಪ್ಪು ಹುಡುಕುವುದರಲ್ಲಿ ಅವರನ್ನು ಮೀರಿಸಿದವರು ಆ ಬಿಲ್ಡಿಂಗಿನಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಕಲ್ಯಾಣದ ಪ್ರೆಸ್ಸಿನಲ್ಲಿದ್ದರು. ಪ್ರೆಸ್ಸಿನ ಸಿದ್ರಾಮ ಸೊಲ್ಲಾಪುರದ ಕಡೆಯವನು.

“ಪ್ರೂಫಿನಾಗ ಹೆಂಗ ತಿದ್ದಿದ್ರಿ, ಹಂಗ ಹಾಕೀನ್ರಿ. ನಂದೇನ ತಪ್ಪು?”

“ಹುಡುಗಿಯ ಹೆಸರೇ ಬದಲಾದಾಗ ಅನುಮಾನ ಬರಲಿಲ್ವಾ?” ಮಾಮ ಕೇಳಿದರು.

“ಮದುವ್ಯಾಗ ಹುಡುಗೀ ಹೆಸರು ಬದಲ್ ಮಾಡೂದು ಈ ಕಡೆ ಪದ್ಧತಿ ಐತಲ್ರಿ. ನಿಮ್ಮದೂ ಹಂಗ ಇರ್ಬೇಕು ಅಂದ್ಕೊಂಡೆ.”

“ತಿದ್ದಿದ ಪ್ರೂಫು ಬಂದ ಕವರು ಹೇಗಿತ್ತು?”

“ಗೋಂದು ಹಚ್ಚಿ ಮುಚ್ಚಿತ್ತು. ನಾನ ಹರದೆ.”

“ತಂದವರು?”

“ಮಾನಸಿ ಮೇಡಮ್.”

“ಕೇಳಿದಿರಲ್ಲ ಮಾಮ?” ಪ್ರಿಯಂವದಾಳಿಗೆ ಆ ಕೊನೆಯ ಉತ್ತರ ಒಂದೇ ಕೇಳಿಸಿತ್ತು. ಎದೆಯೊಳಗೆ ಒಂಥರಾ ಖುಷಿ. ಸಿಕ್ಕಿಬಿದ್ದಳು.

ಸಿದ್ರಾಮ ಹಳೆಯ ಪ್ರೂಫನ್ನು ಹುಡುಕಿ ಕೊಟ್ಟ. ಅದರಲ್ಲಿ ನೀಲಿ ಪೆನ್ನಿನ ನಾಲ್ಕು ತಿದ್ದುಪಡಿಗಳಿದ್ದವು. ಸಭಾಗೃಹದ ಹೆಸರು, ವಾರ, ಊರು — ಈ ಮೂರು ಕಡೆ ತಪ್ಪಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಸರಿ ಬರೆದಿತ್ತು. ನಾಲ್ಕನೆಯದು ಅವಳ ಹೆಸರು. ಅದರ ಸುತ್ತ ಒಂದು ಉಂಗುರ, ಅಲ್ಲಿಂದ ಅಂಚಿಗೆ ಬಾಣ, ಬಾಣದ ತುದಿಯಲ್ಲಿ ಅಚ್ಚಿನ ಅಕ್ಷರದಂತೆ ತಿದ್ದಿ ತೀಡಿದ ‘ಮಾನಸಿ’. ಮಾಮ ಅದನ್ನು ಬಹಳ ಹೊತ್ತು ನೋಡಿ ಮಡಚಿ ಜೇಬಿಗೆ ಹಾಕಿಕೊಂಡರು.

ಸಂಜೆ ಎಲ್ಲರೂ ಪ್ರಿಯಂವದಾಳ ಅಮ್ಮ ವಾರಿಜಾಳ ಮನೆಯಲ್ಲಿ ಸೇರಿದರು. ಮಾನಸಿ ಬೇಲಾಪುರದ ಆಫೀಸಿನಿಂದ ನೇರ ಬಂದಿದ್ದಳು. ಸ್ಟೇಷನ್ನಿನಿಂದ ಅವಳೂ ವಿಶ್ರುತನೂ ಒಂದೇ ರಿಕ್ಷಾದಲ್ಲಿ ಬಂದಿಳಿದದ್ದನ್ನು ಪ್ರಿಯಂವದಾ ಮನೆಯ ಮುಂದಿನ ಗ್ಯಾಲರಿಯಿಂದ ನೋಡಿಕೊಂಡಳು.

“ಕವರು ನಿನ್ನ ಕೈಗೆ ಯಾವಾಗ ಬಂತು ಮಗಾ?” ಮಾಮ ಮಾನಸಿಯನ್ನು ಕೇಳಿದರು.

“ಮಂಗಳವಾರ ಸಂಜೆ. ವಾರಿಜಾ ಆಂಟಿ ಪ್ರೂಫು ತಿದ್ದಿ, ಗೋಂದು ಹಚ್ಚಿ ಕೊಟ್ಟರು. ಬುಧವಾರ ಪ್ರೆಸ್ಸಿಗೆ ತಲುಪಿಸಿದೆ.”

“ಒಂದು ದಿನ ನಿನ್ನ ಹತ್ತಿರ ಇತ್ತು?”

“ಇತ್ತು. ಬ್ಯಾಗಿನಲ್ಲಿ.”

“ಕನ್ನಡ ಬರೆಯಲಿಕ್ಕೆ ಬರ್ತದಾ?”

“ಬರ್ತದೆ. ಕನ್ನಡ ಸಂಘದ ರವಿವಾರದ ಕ್ಲಾಸಿಗೆ ಹೋಗ್ತಿದ್ದೆ.”

“ಇನ್ನೆಂತ ಬೇಕು?” ಪ್ರಿಯಂವದಾ ತಡೆದಳು. “ಅವಳೇ ಹೇಳ್ತಿದ್ದಾಳಲ್ಲ.”

“ಬಸ್ ಕರ್ ಪ್ರಿಯಾ,” ವಿಶ್ರುತ ಅಂದ. “ಅವಳು ಮಾಡಿಲ್ಲ. ಅಷ್ಟು ನನಗೆ ಖಾತ್ರಿ ಉಂಟು.”

“ನನ್ನ ಬಗ್ಗೆ ಯಾವತ್ತಾದರೂ ಅಷ್ಟು ಖಾತ್ರಿ ಇತ್ತಾ ನಿನಗೆ?”

ಮುರಾರಿ ಮಾಮ ಜೇಬಿನಿಂದ ಬೇರೊಂದು ಹಾಳೆ ತೆಗೆದು ವಾರಿಜಾಳ ಮುಂದಿಟ್ಟರು.

“ವಾರಿಜಕ್ಕ, ಇದು ಹೊಸ ಪ್ರೂಫು. ಎರಡು ತಪ್ಪು ಉಳಿದಿದೆ. ಊರಿನ ಹೆಸರು ಒಂದು. ಇಲ್ಲಿ ನಿಮ್ಮ ಮಗಳ ಹೆಸರಿನಲ್ಲಿ ಒತ್ತು ಬಿಟ್ಟುಹೋಗಿದೆ. ಸರಿ ಮಾಡಿ ಕೊಡಿ, ಸಿದ್ರಾಮ ಕಾಯ್ತಿದ್ದಾನೆ.”

ವಾರಿಜಾ ಪೆನ್ನು ತೆಗೆದುಕೊಂಡಳು. ಊರಿನ ಹೆಸರಿಗೆ ಸರಕ್ಕನೆ ಗೀಟು ಎಳೆದಳು. ಮಗಳ ಹೆಸರಿನ ಹತ್ತಿರ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಅದರ ಸುತ್ತ ಉಂಗುರ ಎಳೆದಳು.

“ಅದಕ್ಕೆ ಯಾಕೆ ಗೀಟು ಹಾಕಲಿಲ್ಲ?” ಮಾಮ ಕೇಳಿದರು.

“ಮದುವೆ ಕಾಗದದಲ್ಲಿ ಮಗಳ ಹೆಸರನ್ನು ಹೊಡೆದು ಹಾಕ್ಲಿಕ್ಕುಂಟಾ? ಅಪಶಕುನ...” ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

ಮಾಮ ಹಳೆಯ ಪ್ರೂಫನ್ನು ಬಿಚ್ಚಿ ಪಕ್ಕದಲ್ಲಿಟ್ಟರು. ಅದೇ ಉಂಗುರ.

“ನಾವೆಲ್ಲ ಏನು ಬರೆದಿದೆ ಎಂದು ನೋಡಿದೆವು. ಏನು ಹೊಡೆದಿಲ್ಲ ಎಂದು ನೋಡಲಿಲ್ಲ,” ಅವರು ಹೇಳಿದರು. “ಪ್ರಿಯಾಳನ್ನು ಕಂಡರೆ ಆಗದವರಾದರೆ ಆ ಹೆಸರಿಗೆ ಎರಡೆರಡು ಗೀಟು ಎಳೆಯುತ್ತಿದ್ದರು. ಅದರ ಮೇಲೆ ಒಂದು ಗೀಟೂ ಬೀಳಬಾರದು ಎಂದು ಯಾರಿಗೆ ಅನ್ನಿಸೀತು? ಕವರಿಗೆ ಗೋಂದು ಹಚ್ಚಿದ್ದು ಈ ಮನೆಯಲ್ಲಿ. ಅದನ್ನು ಹರಿದದ್ದು ಸಿದ್ರಾಮ. ನಡುವೆ ಯಾರೂ ಬಿಚ್ಚಿಲ್ಲ. ಬರೆದದ್ದು ನೀವು, ವಾರಿಜಕ್ಕ.”

ಪ್ರಿಯಂವದಾ ಅಮ್ಮನನ್ನು ನೋಡಿದಳು.

“ದಿನಾ ಅಳ್ತಿದ್ದೆ ನೀನು,” ವಾರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವಳಿರುವ ಮನೆಗೆ ಹೇಗೆ ಹೋಗಲಿ ಅಮ್ಮಾ ಅಂತ. ಅವಳನ್ನು ಅವರೇ ಹೊರಗೆ ಹಾಕಲಿ, ನೀನು ನೆಮ್ಮದಿಯಲ್ಲಿರು ಅಂತ ಮಾಡಿದೆ. ಕಾಗದ ಮತ್ತೊಮ್ಮೆ ಅಚ್ಚು ಹಾಕಿಸಬಹುದು ಅಂದ್ಕೊಂಡೆ.”

ವಿಶ್ರುತ ಎದ್ದು ನಿಂತ. “ಚಲ್ ಮಾನಸಿ, ಹೋಗುವ.”

ಅವನು ಚಪ್ಪಲಿ ಮೆಟ್ಟಿದರೆ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಪ್ರಿಯಂವದಾಳಿಗೆ ಗೊತ್ತಾಯಿತು. ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಆದರೆ ಮಾತಾಡಿದ್ದು ಅವನೊಡನೆ ಅಲ್ಲ.

“ಮಾನಸಿ, ಬರೆದದ್ದು ಅಮ್ಮ. ಬರೆಸಿದ್ದು ನಾನೇ. ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡು ನಿನ್ನ ಮೇಲೆ ಸಂಶಯಪಟ್ಟೆ. ನನ್ನದು ತಪ್ಪಾಯ್ತು.”

ಮಾನಸಿ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಇಲ್ಲದ್ದೇನೂ ಅಲ್ಲ ಪ್ರಿಯಾ. ನನಗೆ ಇವನು ಬೇಕಿತ್ತು. ಚಿಕ್ಕಂದಿನಿಂದ ಬೇಕಿತ್ತು. ಆದರೂ ಕವರು ಬಿಚ್ಚಲಿಲ್ಲ.”

ವಿಶ್ರುತ ನಿಂತಲ್ಲೇ ನಿಂತುಬಿಟ್ಟ. ಮಾನಸಿ ಅವನ ಕಡೆ ನೋಡದೆ ಪ್ರಿಯಂವದಾಳನ್ನು ಪಕ್ಕಕ್ಕೆ ಸರಿಸಿ ಒಬ್ಬಳೇ ಮೆಟ್ಟಿಲಿಳಿದು ಹೋದಳು. ಮುರಾರಿ ಮಾಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅದೊಂದನ್ನು ಅವರೂ ಪತ್ತೆ ಮಾಡಿರಲಿಲ್ಲ.