ಅವನ ಹೆಸರಿನ ನಲವತ್ತೊಂದು ಗಂಟೆ

ಎದುರು ಸಾಲಿನ ಆ ಮನುಷ್ಯನ ಮೇಲೆ ನನಗೆ ಮೊದಲ ದಿನದಿಂದಲೇ ಅನುಮಾನ. ನಾನು ತಲೆ ಎತ್ತಿದರೆ ಸಾಕು, ತಟ್ಟನೆ ಕಂಪ್ಯೂಟರ್ ಕಡೆ ತಿರುಗಿಬಿಡುತ್ತಿದ್ದ. ತಪ್ಪು ಮಾಡದವನು ಹಾಗೇಕೆ ತಿರುಗಬೇಕು?

ಆಫೀಸಿನಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು. ನಾವು ಕೋಡ್ ಇಡುವ ಸೈಟಿಗೂ ಕೆಲಸದ ಗಂಟೆ ದಾಖಲಿಸುವ ಆ್ಯಪಿಗೂ ಗಂಟು ಹಾಕಿದವನು ಅವನೇ. ಸೈಟಿನಲ್ಲಿ ಒಂದು ಕೆಲಸ ಎತ್ತಿಕೊಂಡರೆ ಆ್ಯಪ್‌ನಲ್ಲಿ ನಮ್ಮ ಟೈಮರ್ ತಾನೇ ಓಡತೊಡಗುತ್ತದೆ. ಬರೆದ ಕೋಡನ್ನು ಇನ್ನೊಬ್ಬರು ಓದಿ 'ಅಪ್ರೂವ್' ಒತ್ತಿದ ಮೇಲೆಯೇ ಅದು ನಿಲ್ಲುವುದು. ನನ್ನ ಕೋಡ್ ಓದುವವನೂ ಅವನೇ. ನನ್ನ ಗ್ರಹಚಾರ!

ಬೇರೆಯವರದು ಅರ್ಧ ಗಂಟೆಯಲ್ಲಿ ಪಾಸು. ನನ್ನದು ಮಾತ್ರ ಅವನ ಹತ್ತಿರ ಕೊಳೆಯುತ್ತಿತ್ತು. ಕಾದು ಕಾದು ನಾನೇ ಎದ್ದು ಹೋಗುತ್ತಿದ್ದೆ.

"ನೋಡಿದ್ರಾ?"

"ನೋಡ್ತಾ ಇದ್ದೀನಿ. ಕೂತ್ಕೊಳ್ಳಿ. ಈ ಸಾಲು ಯಾಕೆ ಹೀಗೆ ಬರೆದ್ರಿ?"

ನಾನು ವಿವರಿಸುವಾಗ ಅವನು ಕೋಡ್ ಬಿಟ್ಟು ನನ್ನ ಮುಖ ನೋಡುತ್ತಿದ್ದ. ಎಲ್ಲಿ ತಡವರಿಸುತ್ತಾಳೆ ಎಂದು ಕಾಯುತ್ತಿದ್ದಾನೆ ಅಂದುಕೊಂಡೆ. ಅವನ ಕಣ್ಣುಗಳು ಮಾತ್ರ ಚೆನ್ನಾಗಿದ್ದವು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಟೆಸ್ಟಿಂಗ್ ವಿಭಾಗದ ಅಕ್ಕ ಉರಿಯುವ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದಳು. "ಹುಷಾರು ಕಣೇ. ನಿನ್ನ ಪ್ರೊಬೇಷನ್ ಈ ಶುಕ್ರವಾರ ಮುಗಿಯುತ್ತೆ. ತಿಂಗಳ ರಿಪೋರ್ಟ್ ನೋಡಿನೇ ನಿನ್ನನ್ನ ಇಟ್ಕೊಳ್ಳೋದಾ ಬಿಡೋದಾ ಅಂತ ಮ್ಯಾನೇಜರ್ ಹೇಳೋದು. ಅವನು ಬೇಕಂತಲೇ ನಿನ್ನನ್ನ ಸ್ಲೋ ಅಂತ ತೋರಿಸ್ತಿದ್ದಾನೆ."

"ಮೂರೇ ತಿಂಗಳಿಗೆ ವಾಪಸ್ ಬಂದು ನನ್ನ ಅಂಗಡೀಲಿ ಕೂರ್ತೀಯ ನೋಡು" ಎಂದು ನಾನು ಊರಿಂದ ಹೊರಡುವಾಗಲೇ ಅಣ್ಣ ಅಣಕಿಸಿದ್ದ. ಆ ನಗು ನೆನೆದರೇ ಮೈ ಉರಿಯುತ್ತಿತ್ತು. ಈ ಕೆಲಸ ನನಗೆ ಬೇಕೇ ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ರಿಪೋರ್ಟ್ ಎಲ್ಲರಿಗೂ ಬಂತು. ಹೆದರುತ್ತಲೇ ತೆರೆದೆ. ನನ್ನ ಹೆಸರಿನ ಮುಂದೆ ಕೆಲಸ ಮಾಡಿದ ಹೊತ್ತಷ್ಟೇ ಇತ್ತು, ಕಾದ ಹೊತ್ತಿನ ಒಂದು ನಿಮಿಷವೂ ಇರಲಿಲ್ಲ. ಅವನ ಹೆಸರಿನ ಮುಂದೆ ಮಾತ್ರ, ನನ್ನ ಕೋಡ್ ಓದಲು ನಲವತ್ತೊಂದು ಗಂಟೆ ಎಂದಿತ್ತು.

ನಲವತ್ತೊಂದು ಗಂಟೆ! ಇದರಲ್ಲೂ ಏನೋ ಮಸಲತ್ತಿದೆ. ನೇರ ಹೋಗಿ ಅವನ ಮುಂದೆ ನಿಂತೆ.

"ಅಷ್ಟು ಹೊತ್ತು ನನ್ನ ಕೋಡ್‌ನಲ್ಲಿ ಏನು ಹುಡುಕ್ತಿದ್ರಿ?"

"ಏನೂ ಇಲ್ಲ. ಐದೈದು ನಿಮಿಷದಲ್ಲಿ ಓದಿ ಮುಗಿಸ್ತಿದ್ದೆ."

"ಮತ್ತೆ?"

ಅವನ ಕಿವಿಗಳು ಕೆಂಪಾದವು. "ಅಪ್ರೂವ್ ಒತ್ತಿಬಿಟ್ರೆ ನೀವು ಈ ಕಡೆ ಬರ್ತಿರ್ಲಿಲ್ಲ. ನೋಡಿದ್ರಾ ಅಂತ ಕೇಳೋಕಾದ್ರೂ ಬರ್ತೀರಲ್ಲ ಅಂತ..."

ಕೋಪ ನೆತ್ತಿಗೇರಿತು.

"ನನ್ನ ಕೆಲಸ ಹೋಗ್ತಿತ್ತು, ಗೊತ್ತಾ?"

"ನಿನ್ನೆ ರಿಪೋರ್ಟ್ ತಯಾರಾಗುವಾಗ ಗೊತ್ತಾಯ್ತು. ನಾನು ಕಾಯಿಸಿದಷ್ಟೂ ನಿಮ್ಮ ಟೈಮರ್ ಓಡ್ತಾನೇ ಇರುತ್ತೆ ಅಂತ, ಅದನ್ನ ಮಾಡಿದ ನನಗೇ ಹೊಳೆದಿರ್ಲಿಲ್ಲ. ಮ್ಯಾನೇಜರ್‌ಗೆ ಎಲ್ಲಾ ಹೇಳಿದೆ. ಕಾಯಿಸಿದ ಹೊತ್ತು ಕಾಯಿಸಿದವನ ಹೆಸರಿಗೇ ಬೀಳೋ ಹಾಗೆ ಬದಲಾಯಿಸಿದೆ, ಹಳೇದನ್ನೂ ತಿದ್ದಿದೆ. ನಿಮ್ಮ ಕೆಲಸ ಪರ್ಮನೆಂಟ್ ಆಯ್ತು."

"ನಿಮಗೆ?"

"ಚೆನ್ನಾಗಿ ಬೈಸ್ಕೊಂಡೆ. ಸೋಮವಾರದಿಂದ ನಿಮ್ಮ ಕೋಡ್ ಬೇರೆಯವರು ನೋಡ್ತಾರೆ."

ತಿರುಗಿ ನನ್ನ ಜಾಗಕ್ಕೆ ವಾಪಸ್ ಬಂದೆ.

ಸೋಮವಾರ ನನ್ನ ಕೋಡ್ ಇಪ್ಪತ್ತೇ ನಿಮಿಷದಲ್ಲಿ ಪಾಸಾಯಿತು. ಟೈಮರ್ ನಿಂತಿತು. ಖುಷಿಪಡಬೇಕಾದವಳು ಎದುರು ಸಾಲನ್ನೇ ನೋಡುತ್ತಾ ಕುಳಿತೆ. ಅವನು ತಲೆ ಎತ್ತಲೇ ಇಲ್ಲ. ನನಗೂ ಅವನು ಬೇಕಾಗಿದ್ದ, ಅಷ್ಟೇ ವಿಷಯ.

ಎದ್ದು ಅವನ ಮೇಜಿನ ಬಳಿ ಹೋದೆ.

ಅವನು ಗಾಬರಿಯಾದ. "ಏನಾದ್ರೂ ಕೆಲಸ ಇತ್ತಾ?"

"ಇಲ್ಲ," ಎಂದು ಕುರ್ಚಿ ಎಳೆದು ಕೂತೆ.