ಹಾಡಿಲ್ಲದ ಬಸ್ಸು

"ಶ್! ಸುಮ್ನಿರ್ರೋ! ಬಂದ್ರು, ಗೆಸ್ಕೆ ಆಂಟಿ ಬಂದ್ರು!"

ಯಾರೋ ಕೂಗಿದ್ದೇ ತಡ, ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಕೂತಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಕೆಂಪು ಲಾರಿಗಳನ್ನು ಹೊರಗೆ ನಿಲ್ಲಿಸಿ, ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಅದರ ಮೇಲೆ ಟಿವಿ ಕಾಣುವ ಹಾಗೆ ಮಾಡಿದ್ದರು. ಮೊದಲನೇ ಬೆಂಚಿನ ನಟ್ಟನಡುವೆ ಟೊಮ್ಕೆ ಕೂತಿದ್ದಳು. ಬೆಡ್‌ಶೀಟಿನ ಮೇಲೆ ಕಾಣುತ್ತಿದ್ದ ಗೆಸ್ಕೆ ಅವಳ ಅಮ್ಮ.

ಶನಿವಾರ ಸಂಜೆ ಜರ್ಮನಿಯೆಲ್ಲ ಕಣ್ಣು ಮಿಟುಕಿಸದೆ ನೋಡುವ ಪ್ರತಿಭಾ ಸ್ಪರ್ಧೆ ಅದು. ಅಮ್ಮ ಓಸ್ಟರ್‌ಸೀಲ್ ಊರಿನ ಸ್ಕೂಲ್ ಬಸ್ಸಿನ ಡ್ರೈವರ್. ಬಸ್ಸು ಓಡಿಸುತ್ತಾ ಹಾಡುವುದು ಅವಳ ಅಭ್ಯಾಸ. "ನೀವು ಟಿವಿಗೆ ಹೋಗ್ಲೇಬೇಕು" ಎಂದು ಮಕ್ಕಳೇ ಅವಳ ಬೆನ್ನು ಬಿದ್ದಿದ್ದರು.

ಸ್ಟಿಯರಿಂಗ್ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಅಮ್ಮ ಸ್ವೆಟರಿನ ಅಂಚು ಹಿಡಿದುಕೊಂಡಿದ್ದಳು. ಎರಡು ಸಾಲು ಹಾಡಿದಳು. ಅಷ್ಟರಲ್ಲಿ ತೀರ್ಪುಗಾರ ಕೆಂಪು ಗುಂಡಿ ಒತ್ತಿದ. ಢಣ್!

"ಅಮ್ಮಾ ತಾಯಿ, ನೀವು ಬಸ್ಸಲ್ಲೂ ಹೀಗೇ ಹಾಡ್ತೀರಾ? ಪಾಪ, ಆ ಮಕ್ಕಳು ನಡ್ಕೊಂಡು ಹೋಗೋದೇ ವಾಸಿ! ಮುಂದಿನವರು ಬನ್ನಿ!"

ಸ್ಟುಡಿಯೊದಲ್ಲಿದ್ದ ಜನ ಬಿದ್ದು ಬಿದ್ದು ನಕ್ಕರು. ಟಿವಿಯವರು ಅಮ್ಮನ ಹಾಡಿಗೆ ಕುರಿ ಅರಚುವ ಸದ್ದು ಸೇರಿಸಿ ಇನ್ನೊಮ್ಮೆ ತೋರಿಸಿದರು. ಗಾಬರಿಯಲ್ಲಿ ಅಮ್ಮ ಬಾಗಿಲಿಲ್ಲದ ಕಡೆಗೆ ನಡೆದು ವಾಪಸು ಬಂದದ್ದನ್ನೂ ತೋರಿಸಿದರು.

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ದಳದ ಮುಖ್ಯಸ್ಥ ಫೊಕೊ ಮಾಮ ಎದ್ದು ಟಿವಿ ಆರಿಸಿದರು. ಮೇಜಿನ ಮೇಲೆ ಪಕ್ಕದ ಮನೆಯ ಹಾರ್ಮ್ಸ್ ಅಜ್ಜಿ ಮಾಡಿದ ಕೇಕ್ ಇತ್ತು. ಅದಕ್ಕೆ ಬಸ್ಸಿನ ಆಕಾರ, ಬಾದಾಮಿ ಹಿಟ್ಟಿನ ಚಕ್ರಗಳು. ಅದರ ಹತ್ತಿರ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ.

ಇಷ್ಟು ಹೊತ್ತೂ ಶೆಡ್ಡಿನ ಹಿಂಬದಿ ಚಹಾದ ಹಂಡೆಯ ಬಳಿ ನಿಂತು ನೋಡುತ್ತಿದ್ದ ಅಮ್ಮನೇ ಬಂದು ಚಾಕು ಎತ್ತಿಕೊಂಡಳು. "ಕೇಕೇನು ತಪ್ಪು ಮಾಡ್ತು? ತಟ್ಟೆ ಕೊಡಿ."

ಮನೆಗೆ ನಡೆಯುವಾಗ ಟೊಮ್ಕೆ ಕೇಳಿದಳು, "ನಿನಗೆ ಮೊದಲೇ ಗೊತ್ತಿತ್ತಾ?"

"ರೆಕಾರ್ಡ್ ಮಾಡಿದ್ದು ಬೇಸಿಗೇಲಿ ಕಣೇ. ಟಿವಿಲಿ ಬರೋವರೆಗೂ ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದ್ರು."

"ನನಗೂ ಹೇಳ್ಬಾರ್ದಾ?"

"ನಿನಗೂ. ನಮ್ಮೂರಲ್ಲಿ ಗೆದ್ದವರು ಜಂಬ ಕೊಚ್ಚಲ್ಲ, ಸುಮ್ಮನಿರ್ತಾರೆ. ನಾನೂ ಸುಮ್ಮನಿದ್ದೆ. ಗೆದ್ದೇಬಿಟ್ಟಿದೀನಿ ಅಂತ ತಿಳ್ಕೊಂಡು ಎಲ್ಲರೂ ಬೆಂಚು ಜೋಡಿಸಿಬಿಟ್ರು." ಅಮ್ಮ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಭಾನುವಾರವಿಡೀ ಫೋನು ಟುಣ್ ಟುಣ್ ಅನ್ನುತ್ತಲೇ ಇತ್ತು. ಅಮ್ಮನ ವಿಡಿಯೊ ಕ್ಲಾಸಿನ ಗ್ರೂಪಿಗೂ ಬಂತು. ಅದರ ಕೆಳಗೆ ಕುರಿಗಳ ಚಿತ್ರಗಳ ಸಾಲು. ಟೊಮ್ಕೆ ಫೋನನ್ನು ದಿಂಬಿನ ಕೆಳಗೆ ತುರುಕಿದಳು.

ಸೋಮವಾರ ಬೆಳಿಗ್ಗೆ ಅವಳು ಡ್ರೈವರ್ ಹಿಂದಿನ ತನ್ನ ಸೀಟು ಬಿಟ್ಟು, ಬಸ್ಸಿನ ಕೊನೆಗೆ ಹೋಗಿ ಕೂತಳು. ಅಮ್ಮ ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಬಸ್ಸು ಹೊರಟಿತು. ಹಾಡು ಬರಲಿಲ್ಲ.

ಫೊಕೊ ಮಾಮನ ಮಗ ಜೆಲ್ಟೊ ಕಂಬದ ಮೇಲಿನ ಕೆಂಪು ಸ್ಟಾಪ್ ಬಟನ್ ಒತ್ತಿದ. ಟಿಂಗ್!

"ಮುಂದಿನವರು ಬನ್ನಿ!" ಎಂದು ತೀರ್ಪುಗಾರನ ಹಾಗೆ ಕೂಗಿದ. ಹುಡುಗರೆಲ್ಲ ಹೋ ಎಂದರು. ಯಾರೋ "ಮ್ಯಾಆಆ" ಎಂದರು.

ಅಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಬಾಗಿಲು ತೆರೆದಳು. ಇಳಿಯುವವರು ಯಾರೂ ಇರಲಿಲ್ಲ. ಕಡಲ ಗಾಳಿ ಒಳಗೆ ನುಗ್ಗಿತು. ಅಮ್ಮ ಬಾಗಿಲು ಮುಚ್ಚಿದಳು. ಮತ್ತೆ ಟಿಂಗ್. ಮತ್ತೆ ಬಸ್ಸು ನಿಂತಿತು.

ಜೆಲ್ಟೊ ಹಿಂದೆ ತಿರುಗಿ ಟೊಮ್ಕೆಯನ್ನು ನೋಡಿದ. ಏನು ಮಾಡಬೇಕೆಂದು ತಿಳಿಯದೆ ಟೊಮ್ಕೆಯೂ ನಕ್ಕುಬಿಟ್ಟಳು. ನಕ್ಕ ಮೇಲೆ ತಲೆ ಎತ್ತಿದರೆ, ಕನ್ನಡಿಯಲ್ಲಿ ಅಮ್ಮನ ಕಣ್ಣು. ಅದು ತಕ್ಷಣ ರಸ್ತೆಯ ಕಡೆಗೆ ತಿರುಗಿತು.

ಮಧ್ಯಾಹ್ನ ಮನೆಯಲ್ಲಿ ಅಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಹೇಳಿದಳು, "ಆಫೀಸಿಗೆ ಫೋನ್ ಮಾಡಿದ್ದೆ. ಮುಂದಿನ ವಾರದಿಂದ ಬಂದರಿನ ರೂಟ್ ಕೊಡ್ತಾರಂತೆ. ಅಲ್ಲಿ ಬರೀ ಟೂರಿಸ್ಟ್‌ಗಳು. ಸ್ಕೂಲ್ ಬಸ್ಸಿಗೆ ಬೇರೆಯವರು ಬರ್ತಾರೆ. ನಿನಗೂ ಆರಾಮ."

ಸದ್ಯ, ಎಂದಿತು ಟೊಮ್ಕೆಯ ಮನಸ್ಸು. ಮರುಕ್ಷಣವೇ ಅವಳು ಕಚ್ಚಿದ ಬ್ರೆಡ್ಡನ್ನು ತಟ್ಟೆಗೆ ವಾಪಸು ಇಟ್ಟಳು. ತನ್ನ ನಗು ಕಂಡೇ ಅಮ್ಮ ಫೋನ್ ಮಾಡಿದಳೇ?

ಮೂರು ಗಂಟೆಗೆ ಬೆಲ್ ಆಯಿತು.

"ಮೊಯಿನ್," ಎಂದು ಊರಿನ ರೀತಿಯಲ್ಲಿ ನಮಸ್ಕಾರ ಹೇಳಿದರು ಹಾರ್ಮ್ಸ್ ಅಜ್ಜಿ.

"ಮೊಯಿನ್," ಎಂದರು ಅವರ ಹಿಂದಿದ್ದ ಫೊಕೊ ಮಾಮ. ಅವರ ಬೆನ್ನ ಹಿಂದೆ ಜೆಲ್ಟೊ ಇದ್ದ. ಶನಿವಾರ ಶೆಡ್ಡಿನಲ್ಲೇ ಉಳಿದಿದ್ದ ಅಮ್ಮನ ತಟ್ಟೆಗಳನ್ನು ತೊಳೆದು ತಂದಿದ್ದ. ಅವನ ಕಿವಿಗಳು ಕೆಂಪಗಿದ್ದವು.

ಚಹಾದ ಹೊತ್ತಿಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವ ಪದ್ಧತಿಯೇ ಅಲ್ಲಿಲ್ಲ. ಅಮ್ಮ ಕಪ್ಪುಗಳನ್ನು ಇಟ್ಟಳು. ಪ್ರತಿ ಕಪ್ಪಿಗೂ ಒಂದು ದಪ್ಪ ಸಕ್ಕರೆ ಹರಳು, ಮೇಲೆ ಬಿಸಿ ಚಹಾ, ಅಂಚಿನಲ್ಲಿ ಒಂದಿಷ್ಟು ಕೆನೆ. ಅಲ್ಲಿಯ ರೂಢಿಯಂತೆ ಯಾರೂ ಕಲಕಲಿಲ್ಲ. ಚಮಚಗಳು ಸಾಸರಿನಲ್ಲೇ ಇದ್ದವು.

ಮಾತು ಶುರುವಾಯಿತು. ಗಾಳಿ ಜಾಸ್ತಿ ಎಂದರು. ಲಾರಿಯ ಟೈರು ಸವೆದಿದೆ ಎಂದರು. ಶನಿವಾರದ ಸುದ್ದಿ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಟೊಮ್ಕೆಗೆ ಸಿಟ್ಟು ಬಂತು. ಎಲ್ಲರಿಗೂ ಗೊತ್ತು, ಆದರೂ ಟೈರಿನ ಮಾತು! ಒಂದೇ ಕಪ್ ಕುಡಿದು, ಚಮಚವನ್ನು ಕಪ್ಪಿನೊಳಗೆ ನಿಲ್ಲಿಸಿದಳು. ಚಮಚ ಒಳಗಿದ್ದರೆ ನನಗೆ ಸಾಕು ಎಂದರ್ಥ. ಅಮ್ಮ ಅವಳನ್ನು ಬಿಟ್ಟು ಉಳಿದವರಿಗೆ ಬಗ್ಗಿಸಿದಳು.

"ನಮ್ಮ ಉಬ್ಬೋ ಇವತ್ತು ಸ್ಕೂಲಿಂದ ಬರ್ತಾ ಸ್ಟಾಪ್ ತಪ್ಪಿಸ್ಕೊಂಡ," ಎಂದರು ಅಜ್ಜಿ. ಉಬ್ಬೋ ಅವರ ಮೊಮ್ಮಗ, ಒಂದನೇ ಕ್ಲಾಸು. "ಕಡಲ ಒಡ್ಡಿನವರೆಗೂ ಹೋಗಿ ಇಳಿದಿದಾನೆ. ಅಲ್ಲಿ ಕುರಿ ಹಿಂದೆ ಓಡಿ ಚಡ್ಡಿಯೆಲ್ಲ ಕೆಸರು."

ಅಮ್ಮನ ಕೈಯಲ್ಲಿದ್ದ ಕೆಟಲ್ ಅಲ್ಲೇ ನಿಂತಿತು. "ಅಯ್ಯೋ ದೇವರೇ! ನಾನು ನೋಡಲೇ ಇಲ್ಲ ಅಜ್ಜಿ. ನನ್ನದೇ ತಪ್ಪು."

"ನಿಂದೇನು ತಪ್ಪು? ಹಾಡಿನ ಎರಡನೇ ಚರಣ ಮುಗಿದ ಕೂಡಲೇ ಬ್ಯಾಗ್ ಹಾಕ್ಕೊಂಡು ಇಳಿಯೋದು ಅವನ ರೂಢಿ. ಇವತ್ತು ಚರಣ ಬರಲಿ ಬರಲಿ ಅಂತ ಕಾಯ್ತಾನೇ ಕೂತನಂತೆ."

ಫೊಕೊ ಮಾಮ ಮೀಸೆ ಒರೆಸಿಕೊಂಡರು. "ಹುಡುಗ ದಿನಾ ಒಡ್ಡಿಗೆ ಹೋದರೆ ಕಷ್ಟ."

"ಚಡ್ಡಿ ಒಗೆಯೋಳು ನಾನಲ್ವಾ," ಎಂದರು ಅಜ್ಜಿ.

ಅಮ್ಮ ಮೂರನೇ ಕಪ್ ಬಗ್ಗಿಸಿದಳು. ಅತಿಥಿಗಳಿಗೆ ಮೂರು ಕಪ್ ಲೆಕ್ಕ. ಆಮೇಲೆ ಎಲ್ಲರೂ ಚಮಚವನ್ನು ಕಪ್ಪಿಗೆ ಹಾಕಿ, ಕೋಟು ತೊಟ್ಟು ಏಳುತ್ತಾರೆ. ಟೊಮ್ಕೆ ಕಾಯುತ್ತಾ ಕೂತಳು. ಮೂರನೆಯದೂ ಖಾಲಿಯಾಯಿತು. ಅಜ್ಜಿ ಕಪ್ ಮುಂದೆ ಸರಿಸಿದರು. ಚಮಚ ಸಾಸರಿನಲ್ಲೇ ಇತ್ತು. ಫೊಕೊ ಮಾಮನದೂ ಹಾಗೆಯೇ.

ಟೊಮ್ಕೆ ಜೆಲ್ಟೊನ ಕಡೆ ನೋಡಿದಳು. ಚಹಾ ಕಂಡರೆ ಮುಖ ಹಿಂಡುವ ಹುಡುಗ ಅವನು. ಕೊನೆಯ ಗುಟುಕನ್ನು ಔಷಧಿಯ ಹಾಗೆ ನುಂಗಿ, ತಲೆ ತಗ್ಗಿಸಿಕೊಂಡೇ, ಅವನೂ ಕಪ್ ಮುಂದೆ ಚಾಚಿದ.

"ಇನ್ನೊಂದು ಬೇಕೇನೋ?" ಎಂದಳು ಅಮ್ಮ, ಆಶ್ಚರ್ಯದಿಂದ.

"ಹೂಂ, ಆಂಟಿ," ಎಂದ ಜೆಲ್ಟೊ. ಧ್ವನಿ ಕಪ್ಪಿನೊಳಗಿಂದ ಬಂದ ಹಾಗಿತ್ತು.

ಗಂಟೆ ನಾಲ್ಕಾಯಿತು. ಐದಕ್ಕೆ ಅಮ್ಮ ಕೆಟಲ್ ಮತ್ತೆ ಒಲೆಯ ಮೇಲಿಟ್ಟಳು. ಕಿಟಕಿಯಾಚೆ ಮಬ್ಬಾಗುತ್ತಿತ್ತು. ಗಾಳಿಯ ಮಾತೂ ಮುಗಿದಿತ್ತು, ಟೈರಿನ ಮಾತೂ ಮುಗಿದಿತ್ತು. ಆದರೂ ಯಾರೂ ಕೋಟಿನ ಕಡೆ ನೋಡಲಿಲ್ಲ. ಸುಮ್ಮನೆ ಕೂತೇ ಇದ್ದರು. ಅಮ್ಮನ ಹೆಗಲು, ಶನಿವಾರದಿಂದ ಬಿಗಿದುಕೊಂಡೇ ಇದ್ದದ್ದು, ನಿಧಾನವಾಗಿ ಇಳಿದದ್ದನ್ನು ಟೊಮ್ಕೆ ಕಂಡಳು.

ಇಡೀ ಮೇಜಿನಲ್ಲಿ ಚಮಚ ಕಪ್ಪಿನೊಳಗೆ ಇದ್ದದ್ದು ತನ್ನದೊಂದೇ.

ಅವಳು ಅದನ್ನು ಮೆಲ್ಲಗೆ ಹೊರಗೆ ತೆಗೆದಳು. ಕರವಸ್ತ್ರದಲ್ಲಿ ಒರೆಸಿ ಸಾಸರಿನಲ್ಲಿಟ್ಟಳು.

"ಅಮ್ಮಾ, ನನಗೂ."

"ನಿನಗೆ ಸಾಕು ಅಂದಿದ್ಯಲ್ಲೇ?"

"ಇಲ್ಲ. ಸಾಕಾಗಿಲ್ಲ." ಟೊಮ್ಕೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. "ಬಂದರಿನ ರೂಟ್ ಬೇಡ ಅಂತ ಫೋನ್ ಮಾಡ್ತೀಯಾ?"

ಅಜ್ಜಿ ಕಿಟಕಿಯ ಪರದೆಯ ಹೂಗಳನ್ನು ನೋಡತೊಡಗಿದರು. ಫೊಕೊ ಮಾಮನಿಗೆ ಬೂಟಿನ ದಾರ ಕಟ್ಟುವ ಕೆಲಸ ಬಂತು.

ಅಮ್ಮ ಮಗಳನ್ನು ಒಂದು ಗಳಿಗೆ ನೋಡಿದಳು. ಡಬ್ಬಿಯಲ್ಲಿ ಹುಡುಕಿ, ಎಲ್ಲಕ್ಕಿಂತ ದಪ್ಪನೆಯ ಸಕ್ಕರೆ ಹರಳನ್ನು ಆರಿಸಿ ಅವಳ ಕಪ್ಪಿಗೆ ಹಾಕಿದಳು. ಅದರ ಮೇಲೆ ಬಿಸಿ ಚಹಾ ಬಗ್ಗಿಸಿದಳು. ಹರಳು ಚಿಟಿಚಿಟಿ ಎಂದು ಬಿರಿಯಿತು. "ನಾಳೆ ಬೆಳಿಗ್ಗೆ ಮಾಡ್ತೀನಿ," ಎಂದಳು ಅಮ್ಮ.