ಬೇಕರಿ ಹಿತ್ತಲಿನ ಹೆಣ

"ಅಮ್ಮಾ, ಸಂಜೆ ಒಳಗೆ ನನ್ನ ಗಂಡ ಜೆರೋಮ್‌ನ ಗಲ್ಲಿಗೆ ಹಾಕ್ತಾರಂತೆ. ನೀವೇ ಏನಾದ್ರೂ ಮಾಡ್ಬೇಕು," ಎನ್ನುತ್ತ ಬೇಕರಿಯ ಟ್ಯಾಮ್ಸಿನ್ ನಮ್ಮ ಹೊಸ್ತಿಲಲ್ಲೇ ಕುಸಿದಳು.

ಉರ್ಸುಲಾ ಪೆಲ್ ನಮ್ಮೂರಿನ ಸೂಲಗಿತ್ತಿ. ಅವಳಿಗೆ ಯಾರ ಮನೆಯ ಕದವೂ ಮುಚ್ಚಿರಲಿಲ್ಲ, ಹಾಗಾಗಿ ಯಾರ ಗುಟ್ಟೂ ಉಳಿಯುತ್ತಿರಲಿಲ್ಲ. ರಾಜನ ವಿರುದ್ಧದ ಯುದ್ಧದಲ್ಲಿ ಒಂದು ಕೈ ಕಳೆದುಕೊಂಡ ನಾನು, ಗಿಡಿಯನ್, ಇನ್ನೊಂದರಲ್ಲಿ ಅವಳ ಚೀಲ ಹೊರುತ್ತಿದ್ದೆ. ರಾಜನ ತಲೆ ಉರುಳಿತು, ಸೇನಾಪತಿಯೇ ದೇಶದ ಒಡೆಯನಾದ, ನಾವು ಬಾಣಲೆಯಿಂದ ಬೆಂಕಿಗೆ ಬಿದ್ದೆವು. ಈಗ ಕ್ರಿಸ್‌ಮಸ್ ಮಾಡುವುದೂ ಅಪರಾಧ. ಆ ದಿನ ಅಂಗಡಿಗಳು ತೆರೆದಿರಲೇಬೇಕು. ಹಬ್ಬದಡುಗೆಯ ವಾಸನೆ ಹಿಡಿಯಲು ಸೈನಿಕರು ಬೀದಿ ಸುತ್ತುತ್ತಿದ್ದರು.

ಹಾಗೆ ಸುತ್ತಲು ಬಂದ ಸಾರ್ಜೆಂಟ್ ಒಬಡಯ ಆ ಕ್ರಿಸ್‌ಮಸ್ ಬೆಳಿಗ್ಗೆ ಬೇಕರಿಯ ಹಿತ್ತಲಲ್ಲಿ ತಲೆಯೊಡೆದು ಸತ್ತುಬಿದ್ದಿದ್ದ. ಜೆರೋಮ್ ಕೊಂದದ್ದೆಂದು ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಸೈಲಸ್ ಕ್ರೇನ್ ಸಾಕ್ಷಿ ಹೇಳಿದ್ದ. ಜೆರೋಮ್ "ನಾನಲ್ಲ" ಎಂದದ್ದು ಬಿಟ್ಟರೆ ತುಟಿ ಬಿಚ್ಚಿರಲಿಲ್ಲ.

ನಾವು ಬೇಕರಿಗೆ ಹೋದೆವು. ಉರ್ಸುಲಾ ಒಂದು ಬ್ರೆಡ್ ಎತ್ತಿ ಬೆರಳಿನಿಂದ ಒತ್ತಿದಳು, ಅದು ಗಟ್ಟಿಯಾಗಿತ್ತು. ಸದಾ ಭಟ್ಟಿಯ ಮೇಲೆ ಮಲಗುವ ಬೆಕ್ಕು ಗೋಣಿಚೀಲದೊಳಗೆ ಮುದುಡಿತ್ತು. ಹಿತ್ತಲಿನ ಗೋಡೆಯುದ್ದಕ್ಕೂ ಹಿಮ ಕೂತಿತ್ತು, ಕ್ರೇನ್ ಮನೆಯ ಕಡೆ ಮಾತ್ರ ಒಂದು ಮೊಳದಷ್ಟು ಒರೆಸಿದಂತಿತ್ತು. ನನಗಂತೂ ಏನೂ ಹೊಳೆಯಲಿಲ್ಲ. ಹೊತ್ತು ಇಳಿಯುತ್ತಿತ್ತು, ಚೌಕದಲ್ಲಿ ಗಲ್ಲುಮರಕ್ಕೆ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು.

"ಗಿಡಿಯನ್, ಬೀದಿಯವ್ರನ್ನೆಲ್ಲ ಇಲ್ಲಿಗೆ ಕರಿ. ಕ್ಯಾಪ್ಟನ್‌ಗೂ ಹೇಳು, ಜೆರೋಮ್‌ನ ಕರ್ಕೊಂಡು ಬರ್ಲಿ," ಎಂದಳು ಉರ್ಸುಲಾ.

ಎಲ್ಲರೂ ಸೇರಿದಾಗ ಅವಳು ಕ್ರೇನ್‌ನತ್ತ ತಿರುಗಿದಳು. "ಅಣ್ಣಾ, ಬೆಳಿಗ್ಗೆ ಕಂಡಿದ್ದನ್ನ ಇನ್ನೊಂದ್ಸಲ ಹೇಳಪ್ಪ."

"ಬ್ರೆಡ್ ತಗೊಳ್ಳೋಕೆ ಬಂದೆ. ಚಳಿ ಅಂತ ಭಟ್ಟಿ ಮುಂದೆ ಕೈ ಕಾಯಿಸ್ಕೊಳ್ತಾ ನಿಂತಿದ್ದೆ. ಹಿತ್ತಲಲ್ಲಿ ಜೆರೋಮ್‌ಗೂ ಸಾರ್ಜೆಂಟ್‌ಗೂ ಜಗಳ ಆಗಿ, ಜೆರೋಮ್ ಅವನ ತಲೆಗೆ ಹೊಡೆದ."

ಉರ್ಸುಲಾ ಭಟ್ಟಿಯ ಬಾಗಿಲಿಗೆ ಕೈ ಹಾಕಿದಳು.

"ಬೇಡಮ್ಮ, ತೆಗೀಬೇಡಿ," ಎಂದ ಜೆರೋಮ್. "ನಾನೊಬ್ಬ ಸತ್ರೆ ಸಾಕು, ಬಿಡಿ."

ಅವಳು ತೆಗೆದೇಬಿಟ್ಟಳು. ಒಳಗೆ ಕಿಡಿಯಿಲ್ಲ, ಬಿಸಿಯಿಲ್ಲ. ಸಾಲುಸಾಲಾಗಿ ಕ್ರಿಸ್‌ಮಸ್ ಕಡುಬುಗಳಿದ್ದವು. ಮೀನು, ಬೀಗದ ಕೈ, ನಕ್ಷತ್ರ, ಹೀಗೆ ಒಂದೊಂದರ ಮೇಲೂ ಒಂದೊಂದು ಮನೆಯ ಗುರುತು ಗೀರಿತ್ತು. ಊರಿನ ಭಟ್ಟಿಗೆ ಕೊಡುವಾಗ ಅದಲು ಬದಲಾಗದಿರಲೆಂದು ಹಾಕುವ ಗುರುತು ಅದು.

"ಉರಿಯೋ ಭಟ್ಟಿಯೊಳಗೆ ಯಾವ ಸೈನಿಕ ಕೈ ಹಾಕ್ತಾನೆ? ಅದಕ್ಕೇ ಇಲ್ಲಿ ಬಚ್ಚಿಟ್ರು. ಇವತ್ತು ಜೆರೋಮ್ ಭಟ್ಟಿ ಹಚ್ಚೇ ಇಲ್ಲ. ಮೊನ್ನೇನೇ ಸುಟ್ಟ ಬ್ರೆಡ್ ಮಾರಿದ. ಬೀದಿಗೆಲ್ಲ ಗೊತ್ತಿತ್ತು, ಹಬ್ಬ ಮಾಡೋದನ್ನೇ ಬಿಟ್ಟಿರೋ ಕ್ರೇನ್ ಒಬ್ಬನಿಗೆ ಗೊತ್ತಿರ್ಲಿಲ್ಲ. ಅಂಗಡಿ ತೆರೆದಿದೆ ಅಂದ್ರೆ ಭಟ್ಟಿ ಉರೀತಿದೆ ಅಂದ್ಕೊಂಡ. ಅಂಗಡಿಗೆ ಕಾಲೇ ಇಡದವನು ಇಲ್ಲಿ ನಿಂತು ನೋಡ್ದೆ ಅಂತ ಸುಳ್ಳು ಹೇಳಿದ್ದು ಯಾಕೆ? ಗೋಡೆ ಹಾರಿ ಬಂದಿದ್ದ, ಹಿಮ ಒರೆಸಿಹೋಗಿದೆ."

ಕ್ಯಾಪ್ಟನ್ ಮಾರ್ಡನ್ ಹುಬ್ಬು ಗಂಟಿಕ್ಕಿದ. "ಇವನ್ನ ನೀವೇ ಈಗ ತಂದಿಟ್ಟಿರಬಹುದು. ಬೆಳಿಗ್ಗೇನೂ ಇಲ್ಲೇ ಇದ್ವು ಅಂತ ಯಾರು ಹೇಳ್ತಾರೆ?"

ಕಡುಬು ತನ್ನದೆಂದವನಿಗೆ ಸೆರೆಮನೆ. ಒಬ್ಬರ ಮುಖ ಒಬ್ಬರು ನೋಡಿದರು. ಟ್ಯಾಮ್ಸಿನ್ ಕಣ್ಣುಮುಚ್ಚಿಕೊಂಡಳು. ಈ ಜನಕ್ಕಾಗಿಯೇ ಕೈ ಕಳೆದುಕೊಂಡೆನಲ್ಲ ಎಂದು ನನಗೆ ರೋಸಿಹೋಯಿತು.

ಕೊನೆಗೆ ಬೀದಿಯ ಮುದುಕಿ ಗುಡಿತ್ ಕೋಲೂರಿ ಮುಂದೆ ಬಂದಳು. "ಮೀನಿಂದು ನಂದು. ನಿನ್ನೆ ಬೆಳಿಗ್ಗೆ ಇಟ್ಟೆ. ಹಿಡ್ಕೊಂಡು ಹೋಗಪ್ಪ, ಈ ವಯಸ್ನಲ್ಲಿ ಇನ್ನೇನು."

"ಬೀಗದ ಕೈ ನಮ್ದು," ಎಂದ ಚಮ್ಮಾರ. "ನಕ್ಷತ್ರ ನಮ್ಮನೇದು." ಹೀಗೆ ಬೀದಿಯೇ ಮುಂದೆ ಬಂತು. ಕಟ್ಟಕಡೆಗೆ ಬಾಗಿಲು ಕಾಯುತ್ತಿದ್ದ ಸೈನಿಕನೂ ಕೆಮ್ಮಿದ. "ಆ ಚಿಕ್ಕದು ನಮ್ಮಮ್ಮಂದು, ಸಾಹೇಬ್ರೆ. ನಾನೇ ತಂದಿಟ್ಟೆ."

ಕ್ರೇನ್ ಕ್ಯಾಪ್ಟನ್‌ನ ಕಾಲಿಗೆ ಬಿದ್ದ. "ನನ್ನ ಮಗ ರಾಜನ ಕಡೆ ಇದ್ದೋನು, ಅಟ್ಟದಲ್ಲಿ ಅಡಗಿಸಿಟ್ಟಿದ್ದೆ. ಈ ಹಿತ್ತಲಿಂದ ಸಾರ್ಜೆಂಟ್ ಅವನನ್ನ ನೋಡಿಬಿಟ್ಟ. ಗೋಡೆ ಹಾರಿ ಬಂದು ಕಾಲು ಹಿಡ್ಕೊಂಡೆ, ಕೇಳ್ಲಿಲ್ಲ. ಕೊರಡು ಕೈಗೆ ಸಿಕ್ತು."

ಅವನ ಮೇಲೆ ನನಗೂ ಮರುಕ ಬಂತು. ಆದರೂ ತನ್ನ ಮಗನಿಗಾಗಿ ಇನ್ನೊಬ್ಬಳ ಗಂಡನನ್ನು ಗಲ್ಲಿಗೆ ಕಳಿಸಲು ಹೊರಟಿದ್ದನಲ್ಲ.

ಕ್ಯಾಪ್ಟನ್ ಕಡುಬುಗಳನ್ನೂ ಜನರನ್ನೂ ಬಹಳ ಹೊತ್ತು ನೋಡಿದ. "ಇಷ್ಟು ಜನಕ್ಕೆ ಹಾಕೋಕೆ ನನ್ನ ಹತ್ರ ಬೇಡಿ ಇಲ್ಲ," ಎಂದು ಗೊಣಗಿ, ಕ್ರೇನ್‌ನನ್ನು ಹಿಡಿದುಕೊಳ್ಳಲು ಸನ್ನೆ ಮಾಡಿ, ಜೆರೋಮ್‌ನ ಕಟ್ಟನ್ನು ತಾನೇ ಕೊಯ್ದ.

ಹಗ್ಗ ಬಿಗಿದು ಜೆರೋಮ್‌ನ ಕೈಗಳು ಜೋಮು ಹಿಡಿದಿದ್ದವು. ಹೆಂಡತಿಯನ್ನು ತಬ್ಬಲು ಹೋದರೆ ತೋಳು ಏಳಲಿಲ್ಲ. ಟ್ಯಾಮ್ಸಿನ್ ಅವೆರಡನ್ನೂ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು.